ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಡ, ಗ್ರಾಫ್ ಬೇಕು

ಪ್ರತಿ ವರ್ಷ ಫಸ್ಟ್ ಸೆಮ್ ಶುರುವಾದ ವಾರದಲ್ಲೇ ವಾಟ್ಸಾಪ್ ಗ್ರೂಪಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ: "ಅಣ್ಣ, ಮ್ಯಾಥ್ಸ್‌ಗೆ ಯಾವ ಕ್ಯಾಲ್ಕುಲೇಟರ್ ತಗೋಬೇಕು?" ಈ ವರ್ಷ ಆ ಪ್ರಶ್ನೆಗೆ ಒಂದು ಬಾಲ ಸೇರಿಕೊಂಡಿತ್ತು. "ಅಕ್ಕ, ಗ್ರಾಫಿಂಗ್ ಕ್ಯಾಲ್ಕುಲೇಟರ್ ತಗೊಳ್ಲಾ? ಯೂಟ್ಯೂಬಲ್ಲಿ ಅಡ್ವಾನ್ಸ್ಡ್ ಮ್ಯಾಥ್ಸ್‌ಗೆ ಅದೇ ಬೇಕು ಅಂತಾರೆ. ಮನೇಲಿ ಹೇಳಿದ್ರೆ ಹೇಗೋ ಕೊಡಿಸ್ತಾರೆ."

ಆ "ಹೇಗೋ ಕೊಡಿಸ್ತಾರೆ" ಅನ್ನೋ ಮಾತಿಗಾಗಿಯೇ ಈ ಲೇಖನ ಬರೀತಿದ್ದೇವೆ. ಒಂದೇ ಪದದಲ್ಲಿ ಉತ್ತರ ಬೇಕಾದರೆ, ಬೇಡ. ಹಾಗಂತ ಗ್ರಾಫೇ ಬೇಡ ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ನಮ್ಮ ಅಭಿಪ್ರಾಯ ಪೂರ್ತಿ ಉಲ್ಟಾ ಆಗುತ್ತೆ.

ನಾವು ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದ ಸೆಕೆಂಡ್ ಇಯರ್‌ನವರು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆ ಆಯಿತಲ್ಲ, ಅದರಲ್ಲಿ ಹೊಸಪೇಟೆ ಒಂದನ್ನು ಬಿಟ್ಟರೆ ಉಳಿದ ಜಿಲ್ಲೆಯೆಲ್ಲ ನಾವೇ. (ಹರಪನಹಳ್ಳಿಯವರು ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಅಂತ ಮನೆ ಬಿಟ್ಟು ಕದಲದೇ ಜಿಲ್ಲೆ ಬದಲಿಸಿದವರು. ಅಡ್ರೆಸ್ ಪ್ರೂಫ್ ಕೇಳಿದಾಗೆಲ್ಲ ಅವರಿಗೆ ನಗು ಬರುತ್ತೆ.) ನಮ್ಮಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿದ್ದೇವೆ, ಹತ್ತನೇ ಕ್ಲಾಸಿನ ತನಕ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಲೆಕ್ಕ ಮಾಡಿದವರಿದ್ದೇವೆ. ಕ್ಯಾಲ್ಕುಲೇಟರ್ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಮುಟ್ಟೋ ಹಾಗಿಲ್ಲ. ಹಾಗಾಗಿ ಹದಿನೆಂಟು ವರ್ಷಕ್ಕೆ ಇಂಜಿನಿಯರಿಂಗ್ ಸೇರಿ, ಮೊದಲ ಇಂಟರ್ನಲ್ಸ್‌ಗೆ ಎರಡು ವಾರ ಇರುವಾಗ ಜೀವನದ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಳ್ಳೋಕೆ ಹೋಗ್ತೀವಿ. ಏನು ನೋಡಿ ಕೊಳ್ಳಬೇಕು ಅಂತ ಹೇಳೋರು ಅಂಗಡಿಯವರು, ಇಲ್ಲಾ ಯೂಟ್ಯೂಬ್.

ಮೊದಲು ಯೂಟ್ಯೂಬ್ ಕಥೆ. ಅಲ್ಲಿ ಹೇಳೋದು ಸುಳ್ಳಲ್ಲ, ಆದರೆ ಅದು ಅಮೆರಿಕದ ಮಾತು. ಪರದೆ ಮೇಲೆ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರನ್ನು ಮೊದಲು ತಂದಿದ್ದು ಕ್ಯಾಸಿಯೋ, 1985ರಲ್ಲಿ, ಎಫ್‌ಎಕ್ಸ್-7000ಜಿ ಅನ್ನೋ ಹೆಸರಲ್ಲಿ. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಟಿಐ-81 ತಂದಿತು. ಮುಂದೆ ಅಲ್ಲಿನ ಹೈಸ್ಕೂಲ್ ಮಕ್ಕಳ ಬ್ಯಾಗಿನಲ್ಲಿ ಟಿಐ ಇರೋದು, ನಮ್ಮ ಬ್ಯಾಗಿನಲ್ಲಿ ಜಾಮಿಟ್ರಿ ಬಾಕ್ಸ್ ಇದ್ದಷ್ಟೇ ಮಾಮೂಲಿ ಆಯಿತು. ಅಲ್ಲಿ ಎಪಿ ಕ್ಯಾಲ್ಕುಲಸ್ ಅನ್ನೋ ಪರೀಕ್ಷೆಯ ಒಂದು ಭಾಗಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರಲೇಬೇಕು. ಪರೀಕ್ಷೆಯೇ ಕೇಳುತ್ತೆ, ಅದಕ್ಕೇ ಕೊಳ್ತಾರೆ. ಇವತ್ತಿಗೂ ಹೆಚ್ಚು ಹೆಸರು ಕೇಳಿಬರೋ ಟಿಐ-84 ಪ್ಲಸ್ ಬಂದಿದ್ದು 2004ರಲ್ಲಿ, ಅಂದ್ರೆ ಅದು ನಮಗಿಂತ ಹಿರಿಯದು. ಅದರೊಳಗಿನ ಪ್ರೊಸೆಸರ್ ಝಡ್80, 1976ರ ಡಿಸೈನು. ಮೂಲ ಮಾಡೆಲಿನ ಪರದೆ 96 ಅಡ್ಡ, 64 ಉದ್ದ ಚುಕ್ಕಿಗಳದ್ದು. ನಮ್ಮ ಹಾಸ್ಟೆಲ್‌ನಲ್ಲಿ ಅತೀ ಹಳೇ ಫೋನ್ ಇರೋನ ಪರದೆ ಕೂಡ ಅದಕ್ಕಿಂತ ಎಷ್ಟೋ ಪಟ್ಟು ವಾಸಿ.

ನಮ್ಮ ಹಾಸ್ಟೆಲ್‌ಗೆ ಒಂದು ಟಿಐ-84 ಬಂದಿತ್ತು ಕೂಡ. ಹರಪನಹಳ್ಳಿ ಹುಡುಗನ ದೊಡ್ಡಪ್ಪನ ಮಗಳು ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿ, "ನನಗಿನ್ನು ಬೇಡ, ತಮ್ಮನಿಗೆ ಆಗುತ್ತೆ" ಅಂತ ಕಳಿಸಿದ್ದಳು. ಮೊದಲ ವಾರ ರೂಮಿನ ಮುಂದೆ ಜಾತ್ರೆ. ಸೈನ್ ಎಕ್ಸ್ ಬಿಡಿಸಿದ್ರೆ ಚುಕ್ಕಿ ಚುಕ್ಕಿಯಾಗಿ ಅಲೆ ಮೂಡೋದನ್ನ ನೋಡೋಕೆ ಮೆಕ್ಯಾನಿಕಲ್‌ನವರೂ ಬಂದರು. ಎರಡನೇ ವಾರ ಇಂಟರ್ನಲ್ಸ್. ಅಲ್ಲಿಗೆ ಅದನ್ನ ತಗೊಂಡು ಹೋಗೋ ಹಾಗಿರಲಿಲ್ಲ. ವಿಟಿಯು ಪರೀಕ್ಷೆಗಳಲ್ಲಿ ಪ್ರೋಗ್ರಾಂ ಮಾಡಬಹುದಾದ ಕ್ಯಾಲ್ಕುಲೇಟರ್‌ಗೆ ಅವಕಾಶ ಇಲ್ಲ, ಗ್ರಾಫಿಂಗ್ ಅನ್ನೋ ಹೆಸರಿನವು ಹೆಚ್ಚುಕಮ್ಮಿ ಎಲ್ಲವೂ ಪ್ರೋಗ್ರಾಂ ಮಾಡಬಹುದಾದವೇ. ಸೂತ್ರ ಬರೆದಿಟ್ಟುಕೊಳ್ಳಬಹುದು, ನೋಟ್ಸ್ ತುಂಬಬಹುದು, ಇನ್ವಿಜಿಲೇಟರ್ ಯಾಕೆ ಬಿಡ್ತಾರೆ? ಆ ಹುಡುಗ ಪಕ್ಕದ ರೂಮಿನವನ 82ಎಂಎಸ್ ಕೇಳಿ ಪರೀಕ್ಷೆ ಬರೆದ. ಈಗ ಟಿಐಗೆ ನಾಲ್ಕು ಸೆಲ್ ಹಾಕೋರು ಯಾರೂ ಇಲ್ಲ.

ಅದೇನೋ ಪುಕ್ಕಟೆ ಬಂದಿದ್ದು. ದುಡ್ಡು ಕೊಟ್ಟು ತಂದರೆ? ಇಲ್ಲಿ ಒಂದು ಗ್ರಾಫಿಂಗ್ ಕ್ಯಾಲ್ಕುಲೇಟರ್ ಸಲೀಸಾಗಿ ಹತ್ತು ಸಾವಿರ ದಾಟುತ್ತೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಭಾಗಾಕಾರಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕಾಗಿಲ್ಲ, ಇಪ್ಪತ್ತೇಳು ದಿನ. ನಮ್ಮಲ್ಲಿ ಕೆಲವರ ಅವ್ವ, ಅಪ್ಪ ಬೇಸಿಗೆಯಲ್ಲಿ ಬದು ಹಾಕೋಕೆ, ಹೂಳು ತೆಗೆಯೋಕೆ ಹೋಗೋರು. ಈ ಲೆಕ್ಕ ಅವರಿಗೆ ಬಾಯಲ್ಲೇ ಬರುತ್ತೆ. ಮಳೆ ಬಂದರೆ ಮೆಕ್ಕೆಜೋಳ, ಇಲ್ಲದಿದ್ದರೆ ಸಾಲ, ಅನ್ನೋ ಊರುಗಳಿಂದ ಬಂದವರು "ಹೇಗೋ ಕೊಡಿಸ್ತಾರೆ" ಅಂತ ಕೇಳಿ, ಪರೀಕ್ಷೆಗೆ ಒಯ್ಯೋಕಾಗದ ಸಾಮಾನು ತರೋದು ನಮಗೆ ಸರಿ ಕಾಣಲ್ಲ.

ಇನ್ನೊಂದು ತಮಾಷೆ ಇದೆ. ಅಮೆರಿಕದವರೇ ಆ ಯಂತ್ರದಿಂದ ನಿಧಾನವಾಗಿ ಕೈ ಬಿಡಿಸಿಕೊಳ್ತಿದ್ದಾರೆ. ಎಸ್‌ಎಟಿ ಪರೀಕ್ಷೆ ಕಂಪ್ಯೂಟರಿಗೆ ಬಂದಾಗ (ಹೊರದೇಶಗಳಲ್ಲಿ 2023, ಅಮೆರಿಕದಲ್ಲಿ 2024) ಪರೀಕ್ಷೆಯ ಪರದೆಯೊಳಗೇ ಡೆಸ್ಮೋಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೂರಿಸಿದರು. ಅದೇ ಡೆಸ್ಮೋಸ್ ನಮ್ಮ ಫೋನಿಗೂ ಪುಕ್ಕಟೆ ಸಿಗುತ್ತೆ. ಕ್ಯಾಸಿಯೋ ಏನು ಮಾಡಿತು ನೋಡಿ. ಎಫ್‌ಎಕ್ಸ್-991ಇಎಕ್ಸ್, ಆಮೇಲೆ ಬಂದ 991ಸಿಡಬ್ಲ್ಯೂ, ಎರಡರಲ್ಲೂ ಕ್ಯೂಆರ್ ಕೋಡ್ ಬರುತ್ತೆ. ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಗ್ರಾಫ್ ಫೋನಿನಲ್ಲಿ ತೆರೆದುಕೊಳ್ಳುತ್ತೆ. ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ಮಾಡಿದ ಕಂಪನಿಯೇ ಗ್ರಾಫನ್ನು ಫೋನಿಗೆ ದಾಟಿಸಿದ ಮೇಲೆ ನಾವ್ಯಾಕೆ ಹತ್ತು ಸಾವಿರ ಕೊಡೋದು?

ಹಾಗಾದರೆ ಯಾವುದು ತಗೋಬೇಕು? ನಮ್ಮ ಮತ 991ಇಎಸ್ ಪ್ಲಸ್‌ಗೆ. ಸಾವಿರದ ಇನ್ನೂರು, ಮುನ್ನೂರರ ಆಸುಪಾಸು. ಪುಸ್ತಕದಲ್ಲಿ ಇರೋ ಹಾಗೇ ಭಿನ್ನರಾಶಿ, ರೂಟ್, ಇಂಟೆಗ್ರಲ್ ಚಿಹ್ನೆ ಪರದೆ ಮೇಲೆ ಕಾಣುತ್ತೆ. ಮ್ಯಾಟ್ರಿಕ್ಸ್ 3×3 ತನಕ, ಮೂರು ಅಜ್ಞಾತಗಳ ಸಮೀಕರಣ, ಕ್ಯೂಬಿಕ್, ಸಾಲ್ವ್, ಎಲ್ಲ ಇದೆ. ಅದಕ್ಕಿಂತ ಮುಖ್ಯವಾಗಿ ಟೇಬಲ್ ಅನ್ನೋ ಮೋಡ್ ಇದೆ. ಫಂಕ್ಷನ್ ಕೊಟ್ಟು, ಎಲ್ಲಿಂದ ಎಲ್ಲಿವರೆಗೆ, ಎಷ್ಟೆಷ್ಟು ಹೆಜ್ಜೆ ಅಂತ ಹೇಳಿದರೆ ಬೆಲೆಗಳ ಪಟ್ಟಿ ಕೊಡುತ್ತೆ. ಆ ಪಟ್ಟಿ ಮತ್ತು ಒಂದು ಗ್ರಾಫ್ ಶೀಟ್ ಸೇರಿದರೆ ಪರೀಕ್ಷಾ ಹಾಲಿನಲ್ಲಿ ನಿಮಗೆ ಸಿಗೋ ಗ್ರಾಫಿಂಗ್ ಕ್ಯಾಲ್ಕುಲೇಟರ್ ಅದೇ.

ಸೀನಿಯರ್ ಹತ್ತಿರ ಹಳೇ 991ಎಂಎಸ್ ಸಿಕ್ಕರೆ ಹೊಸದು ಕೊಳ್ಳಲೇಬೇಡಿ. ಟೇಬಲ್ ಇಲ್ಲ, ಎಲ್ಲಾ ಒಂದೇ ಸಾಲಿನಲ್ಲಿ ಬ್ರಾಕೆಟ್ ಹಾಕಿ ಒತ್ತಬೇಕು, ಅಷ್ಟು ಬಿಟ್ಟರೆ ನಾಲ್ಕು ವರ್ಷಕ್ಕೆ ಸಾಕು. 82ಎಂಎಸ್ ಐನೂರರ ಹತ್ತಿರ ಸಿಗುತ್ತೆ, ಮ್ಯಾಟ್ರಿಕ್ಸ್, ಇಂಟೆಗ್ರೇಷನ್ ಬರಲ್ಲ. ಆದರೂ ಅದನ್ನಿಟ್ಟುಕೊಂಡವರು ಫೇಲಾಗಲ್ಲ. 991ಸಿಡಬ್ಲ್ಯೂ ಬಗ್ಗೆ ನಮ್ಮೊಳಗೇ ಜಗಳ ಇದೆ. 4×4 ಮ್ಯಾಟ್ರಿಕ್ಸ್, ಒಳ್ಳೇ ಪರದೆ, ಎಲ್ಲಾ ಸರಿ. ಆದರೆ ಮೊದಲು ಒಂದೇ ಕೀಲಿ ಒತ್ತಿದರೆ ಭಿನ್ನರಾಶಿ ದಶಮಾಂಶ ಆಗ್ತಿತ್ತು, ಈಗ ಅದಕ್ಕೂ ಮೆನು ತೆರೀಬೇಕು. ಮೂರು ಗಂಟೆ ಪೇಪರಿನಲ್ಲಿ ಆ ಒಂದೊಂದು ಒತ್ತಿಗೂ ಬೆಲೆ ಇದೆ. ಹಾಗಾಗಿ ಕೊಂಡವರು ಹೊಗಳ್ತಾರೆ, ಉಳಿದವರು ನಗ್ತಾರೆ. ಕೊಳ್ಳೋ ಮೊದಲು ಆನ್ಸರ್ ಬುಕ್‌ಲೆಟ್ಟಿನ ಸೂಚನೆ ಮತ್ತು ಕಾಲೇಜಿನ ನೋಟಿಸ್ ಓದಿ, ಯಾವ ಮಾಡೆಲ್ ಬಿಡ್ತಾರೆ ಅಂತ ಎಚ್‌ಒಡಿ ಹತ್ತಿರ ಒಂದು ಮಾತು ಕೇಳಿ. ಹಾಲಿನ ಬಾಗಿಲಲ್ಲಿ ವಾದ ಮಾಡಿ ಗೆದ್ದವರನ್ನ ನಾವು ನೋಡಿಲ್ಲ.

ನಕಲಿ ಮಾಲಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ತಾಲ್ಲೂಕು ಊರುಗಳ ಅಂಗಡಿಗಳಲ್ಲಿ ಪೆನ್ನು, ನೋಟ್‌ಬುಕ್ ಜೊತೆ ನೇತುಹಾಕಿರೋ ಕ್ಯಾಲ್ಕುಲೇಟರ್‌ಗಳಲ್ಲಿ ಎಲ್ಲವೂ ಅಸಲಿ ಇರಲ್ಲ. ಅದೇ ಬಣ್ಣ, ಅದೇ ಅಕ್ಷರ, ಬೆಲೆ ಮಾತ್ರ ಮೂರನೇ ಒಂದು ಭಾಗ. ಕೂಡ್ಲಿಗಿ ಕಡೆಯ ನಮ್ಮ ಗೆಳತಿ ಅಂಥದ್ದೊಂದನ್ನ "ಇದೂ ಅದೇ ಕಂಪನಿದೇ ಐತಮ್ಮ" ಅಂತ ಹೇಳಿದ್ದಕ್ಕೆ ತಂದಳು. ಎರಡನೇ ಇಂಟರ್ನಲ್ಸ್ ಹೊತ್ತಿಗೆ ಅದರ 7ನೇ ಕೀಲಿ ಎರಡು ಸಲ ಒತ್ತಿದರೆ ಒಂದು ಸಲ ಮಾತ್ರ ಬೀಳ್ತಿತ್ತು. ಉತ್ತರ ಬರುತ್ತೆ, ತಪ್ಪು ಉತ್ತರ ಬರುತ್ತೆ, ಗೊತ್ತೇ ಆಗಲ್ಲ. ಪೂರ್ತಿ ಕೆಟ್ಟಿದ್ದರೆ ಪಕ್ಕದವರ ಹತ್ತಿರ ಕೇಳಿರ್ತಿದ್ದಳು. ಬಾಕ್ಸು, ಬಿಲ್ಲು, ವಾರಂಟಿ ಕಾರ್ಡು ಮೂರೂ ಇದ್ದರೆ ಮಾತ್ರ ತಗೊಳ್ಳಿ. ಹೊಸಪೇಟೆಗೋ ದಾವಣಗೆರೆಗೋ ಹೋಗೋರ ಕೈಯಲ್ಲಿ ಹೇಳಿ ಕಳಿಸಿದರೂ ಆಯ್ತು.

ಇಲ್ಲಿಗೆ ಕೊಳ್ಳೋ ವಿಷಯ ಮುಗೀತು. ಆದರೆ ಆ ಜೂನಿಯರ್‌ಗೆ "ಬೇಡ" ಅಂದ ಮೇಲೆ ಅವಳು ಕೇಳಿದ ಎರಡನೇ ಪ್ರಶ್ನೆ ನಮ್ಮನ್ನ ಇಷ್ಟು ಬರೆಸಿದೆ: "ಹಾಗಾದ್ರೆ ನಮಗೆ ಗ್ರಾಫ್ ಬೇಕಾಗೋದೇ ಇಲ್ವಾ?"

ಬೇಕು. ಒಂದು ಉದಾಹರಣೆ ಕೊಡ್ತೀವಿ, ಪೆನ್ನು ಹಿಡ್ಕೊಂಡು ಓದಿ. ನ್ಯೂಮರಿಕಲ್ ಮೆಥಡ್ಸ್‌ನಲ್ಲಿ ಎಲ್ಲರೂ ಮಾಡೋ ಲೆಕ್ಕ: 1/(1+ಎಕ್ಸ್ ವರ್ಗ) ಅನ್ನೋದನ್ನ 0ಯಿಂದ 6ರ ತನಕ ಇಂಟೆಗ್ರೇಟ್ ಮಾಡಿ, ಆರು ಭಾಗ ಮಾಡಿಕೊಂಡು. ಟ್ರೆಪಿಜಾಯ್ಡಲ್ ರೂಲ್‌ನಲ್ಲಿ 1.4108 ಬರುತ್ತೆ. ಸಿಂಪ್ಸನ್ 1/3ರಲ್ಲಿ 1.3662. ಸಿಂಪ್ಸನ್ 3/8ರಲ್ಲಿ 1.3571. ನಿಜವಾದ ಉತ್ತರ ಟ್ಯಾನ್ ಇನ್ವರ್ಸ್ 6, ಅಂದ್ರೆ 1.4056. ಕ್ಯಾಲ್ಕುಲೇಟರಿನ ಇಂಟೆಗ್ರಲ್ ಕೀಲಿ ಒತ್ತಿದರೂ ಅದೇ 1.4056.

ಈಗ ಗಾಬರಿ ನೋಡಿ. ಸಿಂಪ್ಸನ್ ಹೆಚ್ಚು ನಿಖರ ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೇವೆ. ಇಲ್ಲಿ ಟ್ರೆಪಿಜಾಯ್ಡಲ್ ಹತ್ತಿರ ಇದೆ, ಸಿಂಪ್ಸನ್ ದೂರ ಇದೆ. ಕಳೆದ ವರ್ಷ ನಮ್ಮ ಕ್ಲಾಸಿನಲ್ಲಿ ಅರ್ಧ ಜನ 1.3662 ಬಂದಿದ್ದಕ್ಕೆ ಲೆಕ್ಕ ತಪ್ಪಾಗಿದೆ ಅಂತ ಹೊಡೆದುಹಾಕಿ ಮತ್ತೆ ಮಾಡಿದರು, ಮತ್ತೆ 1.3662 ಬಂತು. ಉಳಿದರ್ಧ ಜನ ಕ್ಯಾಲ್ಕುಲೇಟರ್ ಒತ್ತಿ ನೋಡಲೇ ಇಲ್ಲ, ಹಾಗಾಗಿ ಅವರಿಗೆ ಯಾವ ಸಂಕಟವೂ ಆಗಲಿಲ್ಲ.

ಫೋನಿನಲ್ಲಿ ಆ ಗೆರೆ ಬಿಡಿಸಿ ನೋಡಿ. ಸೊನ್ನೆಯಲ್ಲಿ 1ರ ಎತ್ತರದಲ್ಲಿ ಇರುತ್ತೆ, ಗುಡ್ಡದ ನೆತ್ತಿಯ ಹಾಗೆ. ಸ್ವಲ್ಪ ದೂರ ಬಾಗಿ ಇಳಿದು, 0.577ರ ಹತ್ತಿರ ಬಾಗು ತಿರುಗಿ, ಆಮೇಲೆ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತೆ. ಗುಡೇಕೋಟೆ ಕಡೆ ಬಂಡೆಗುಡ್ಡ ಇಳಿದು ಹೊಲಕ್ಕೆ ಸೇರೋ ಹಾಗೆ ಅಂದುಕೊಳ್ಳಿ. ಅದರ ಆಟವೆಲ್ಲ 0 ಮತ್ತು 1ರ ಮಧ್ಯೆಯೇ ಮುಗಿದುಹೋಗುತ್ತೆ, ನಮ್ಮ ಹೆಜ್ಜೆಯೋ ಒಂದೊಂದು ಮಾರು. ಟ್ರೆಪಿಜಾಯ್ಡಲ್‌ನಲ್ಲಿ ಮೊದಲ ಪಟ್ಟಿಯ ಅಳತೆ 0.75, ನಿಜವಾದದ್ದು ಪೈ ಭಾಗಿಸು 4, ಅಂದ್ರೆ 0.7854. ಅಲ್ಲಿ 0.035ರಷ್ಟು ಕಡಿಮೆ. ಉಳಿದ ಐದು ಪಟ್ಟಿಗಳಲ್ಲಿ ಗೆರೆ ಕೆಳಗೆ ಜೋತುಬಿದ್ದಿದೆ, ನಮ್ಮ ನೇರಗೆರೆ ಅದರ ಮೇಲಿದೆ, ಒಟ್ಟು 0.04ರಷ್ಟು ಜಾಸ್ತಿ. ಒಂದನ್ನೊಂದು ತಿಂದುಹಾಕಿ 0.005 ಮಾತ್ರ ಉಳೀತು. ಟ್ರೆಪಿಜಾಯ್ಡಲ್ ಇಲ್ಲಿ ಜಾಣತನದಿಂದ ಗೆದ್ದಿಲ್ಲ, ಅದೃಷ್ಟದಿಂದ ಗೆದ್ದಿದೆ. ಸಿಂಪ್ಸನ್ ಪಾಪ 0ಯಿಂದ 2ರ ತನಕ ಒಂದೇ ಪ್ಯಾರಾಬೋಲ ಹೊದಿಸೋಕೆ ಹೋಗಿ ಎಡವಿದೆ. ಹೆಜ್ಜೆ ಚಿಕ್ಕದು ಮಾಡಿದರೆ ಅದು ಬೇಗ ಸರಿಯಾಗುತ್ತೆ. (991ಎಂಎಸ್ ಕ್ಯಾಲ್ಕುಲೇಟರಿನ ಒಳಗೆ ಇಂಟೆಗ್ರೇಷನ್‌ಗೆ ಕೂತಿರೋದು ಅದೇ ಸಿಂಪ್ಸನ್ ರೂಲ್. ಅದು ಆರು ಭಾಗ ಮಾಡಿ ಕೈಬಿಡಲ್ಲ, ಅಷ್ಟೇ ವ್ಯತ್ಯಾಸ.)

ಇಷ್ಟನ್ನ ಹೇಳೋಕೆ ಒಂದು ಚಿತ್ರ ಸಾಕಿತ್ತು. ಇಡೀ ಸೆಮಿಸ್ಟರ್‌ನಲ್ಲಿ ಆ ಚಿತ್ರ ನಮಗೆ ಯಾರೂ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಎಂಟು ಮಾರ್ಕಿಗೆ ಟೇಬಲ್ ಹಾಕು, ಸೂತ್ರ ಬರಿ, ಉತ್ತರ ಬಾಕ್ಸ್ ಮಾಡು.

ಇನ್ನೊಂದು. ಟ್ಯಾನ್ ಎಕ್ಸ್ = ಎಕ್ಸ್, ಮೂಲ 4.5ರ ಹತ್ತಿರ ಇದೆ, ನ್ಯೂಟನ್-ರಾಫ್ಸನ್‌ನಲ್ಲಿ ಕಂಡುಹಿಡಿಯಿರಿ. ಇದನ್ನ ಐನೂರು ರೂಪಾಯಿಯ 82ಎಂಎಸ್‌ನಲ್ಲೂ ಮಾಡಬಹುದು. ರೇಡಿಯನ್ ಮೋಡ್‌ಗೆ ಹಾಕಿ (ಡಿಗ್ರಿಯಲ್ಲಿ ಬಿಟ್ಟರೆ ದೇವರೇ ಗತಿ), 4.5 ಒತ್ತಿ ಸಮ ಚಿಹ್ನೆ ಒತ್ತಿ. ಆಮೇಲೆ ಆನ್ಸರ್ ಕೀಲಿ ಬಳಸಿ, ಆನ್ಸರ್ − (ಟ್ಯಾನ್ ಆನ್ಸರ್ − ಆನ್ಸರ್) ÷ (ಟ್ಯಾನ್ ಆನ್ಸರ್) ವರ್ಗ ಅಂತ ಒಂದು ಸಲ ಬರೆದು, ಸಮ ಚಿಹ್ನೆ ಒತ್ತುತ್ತಾ ಹೋಗಿ. ಮೂರ್ನಾಲ್ಕು ಒತ್ತಿಗೆ 4.4934ಕ್ಕೆ ನಿಲ್ಲುತ್ತೆ. ಈ ಉಪಾಯ ಹಗರಿಬೊಮ್ಮನಹಳ್ಳಿಯ ಅಣ್ಣ ಒಬ್ಬರು ಹೇಳಿಕೊಟ್ಟಿದ್ದು, ನಮ್ಮ ಬ್ಯಾಚಿನಲ್ಲಿ ಅರ್ಧ ಜನರ ಸಮಯ ಉಳಿಸಿದೆ.

ಈಗ 4.5ರ ಬದಲು 4ರಿಂದ ಶುರು ಮಾಡಿ. ಮೊದಲ ಒತ್ತಿಗೆ 6.12. ಎರಡನೇ ಒತ್ತಿಗೆ 238 ದಾಟುತ್ತೆ. ಎಲ್ಲಿಗೆ ಹೋಯ್ತು? ಅರ್ಧ ಹೆಜ್ಜೆ ಹಿಂದೆ ಸರಿದಿದ್ದಕ್ಕೆ ಹಗರಿ ದಾಟಿ ಆಂಧ್ರಕ್ಕೆ ಹೋದ ಹಾಗಾಯ್ತು. ಪುಸ್ತಕದವರು "4.5ರ ಹತ್ತಿರ" ಅಂತ ಸುಮ್ಮನೆ ಕೊಟ್ಟಿಲ್ಲ. ಟ್ಯಾನ್ ಗೆರೆಯನ್ನ ನೋಡಿದವರಿಗೆ ಇದು ತಕ್ಷಣ ಕಾಣುತ್ತೆ. 4.71ರ ಹತ್ತಿರ ಅದು ಗೋಡೆಯ ಹಾಗೆ ನೆಟ್ಟಗೆ ಏರುತ್ತೆ, ಏರೋ ಮುಂಚೆ ಎಕ್ಸ್ ಗೆರೆಯನ್ನ ಒಂದು ಸಲ ಕತ್ತರಿಸುತ್ತೆ. 4ರಲ್ಲಿ ಗೆರೆ ಇನ್ನೂ ಚಪ್ಪಟೆ ಇದೆ, ಅಲ್ಲಿಂದ ಎಳೆದ ಸ್ಪರ್ಶರೇಖೆ ಗೋಡೆಯನ್ನೇ ಹಾರಿಬಿಡುತ್ತೆ. ಕ್ಯಾಲ್ಕುಲೇಟರಿನ ಸಾಲ್ವ್ ಕೀಲಿಗೂ ಇದೇ ಕಷ್ಟ. ಅದು ನೀವು ಕೊಟ್ಟ ಜಾಗದಿಂದ ಹುಡುಕಿ ಒಂದು ಮೂಲ ಕೊಡುತ್ತೆ. ಇನ್ನೆಷ್ಟು ಮೂಲ ಇವೆ, ನಿಮಗೆ ಬೇಕಾದದ್ದು ಇದೇನಾ ಅಂತ ಹೇಳಲ್ಲ. ಅದನ್ನ ಹೇಳೋದು ಗ್ರಾಫ್.

ಪೋಲಾರ್ ಕರ್ವ್ಸ್ ಬಗ್ಗೆ ನೆನೆಸಿಕೊಂಡರೆ ಸಿಟ್ಟೇ ಬರುತ್ತೆ. ಫಸ್ಟ್ ಸೆಮ್ಮಿನ ಮೊದಲ ಮಾಡ್ಯೂಲು. ಆರ್ = ಎ(1 + ಕಾಸ್ ಥೀಟಾ)ದ ಪೆಡಲ್ ಸಮೀಕರಣ ಆರ್ ಘನ = 2ಎ ಪಿ ವರ್ಗ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀವಿ. ಅದು ಹೃದಯದ ಆಕಾರ, ಅದಕ್ಕೇ ಕಾರ್ಡಿಯಾಯ್ಡ್ ಅಂತಾರೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಪರೀಕ್ಷೆಗೆ ಮೊದಲು ಗೊತ್ತಿತ್ತು? ಗಣೇಶನ ಪೆಂಡಾಲಿನಲ್ಲಿ ಹಾಡೋರ ಕೈಲಿರೋ ಮೈಕ್ ಬಹಳಷ್ಟು ಸಲ ಕಾರ್ಡಿಯಾಯ್ಡ್ ಮೈಕೇ. ಮುಂದಿನ ದನಿ ಹಿಡಿಯುತ್ತೆ, ಹಿಂದಿನದನ್ನ ಬಿಡುತ್ತೆ, ಯಾಕಂದ್ರೆ ಥೀಟಾ 180 ಡಿಗ್ರಿ ಆದಾಗ 1 + ಕಾಸ್ ಥೀಟಾ ಸೊನ್ನೆ. ಇಸಿಯವರಿಗೆ ಇದು ಆಂಟೆನಾ ಪಾಠದಲ್ಲಿ ಮತ್ತೆ ಬೇರೆ ವೇಷದಲ್ಲಿ ಬರುತ್ತೆ ಅಂತ ಸೀನಿಯರ್‌ಗಳು ಹೇಳ್ತಾರೆ.

ಒಂದು ಸಂಜೆ ಆರ್ = ಸೈನ್ 2 ಥೀಟಾ ಅಂತ ಡೆಸ್ಮೋಸ್‌ನಲ್ಲಿ ಹಾಕಿದಾಗ ನಾಲ್ಕು ಎಸಳಿನ ಹೂವು ಬಂತು. 3 ಥೀಟಾ ಹಾಕಿದ್ರೆ ಆರು ಬರಬೇಕು ಅಂದುಕೊಂಡ್ವಿ, ಮೂರೇ ಬಂತು. 4ಕ್ಕೆ ಎಂಟು, 5ಕ್ಕೆ ಐದು. ಹಡಗಲಿಯ ಹುಡುಗಿ "ನಮ್ಮೂರು ಸುಮ್ನೆ ಹೂವಿನ ಹಡಗಲಿ ಆಗಿಲ್ಲ, ಕೊಡ್ರಿ ಇಲ್ಲಿ" ಅಂತ ಫೋನು ಕಿತ್ಕೊಂಡು 7, 9 ಎಲ್ಲ ಹಾಕಿ ನೋಡಿದಳು. ಬೆಸ ಸಂಖ್ಯೆಗೆ ಅಷ್ಟೇ ಎಸಳು, ಸಮ ಸಂಖ್ಯೆಗೆ ಎರಡರಷ್ಟು. ಯಾಕೆ? ಆರ್ ಋಣವಾದಾಗ ಚುಕ್ಕಿ ಎದುರುಗಡೆಗೆ ಬೀಳುತ್ತೆ. ಬೆಸ ಇದ್ದರೆ ಅದು ಹಳೇ ಎಸಳಿನ ಮೇಲೇ ಬೀಳುತ್ತೆ, ಸಮ ಇದ್ದರೆ ಖಾಲಿ ಜಾಗದಲ್ಲಿ ಹೊಸ ಎಸಳು ಬಿಡಿಸುತ್ತೆ. ಇದನ್ನ ಕಂಡುಕೊಳ್ಳೋಕೆ ನಮಗೆ ಅರ್ಧ ಗಂಟೆ ಹಿಡೀತು. ಮೆಸ್ಸಿನಲ್ಲಿ ಊಟ ತಣ್ಣಗಾಗಿತ್ತು, ಯಾರೂ ಬೈಕೊಳ್ಳಲಿಲ್ಲ. ಮ್ಯಾಥ್ಸ್ ಬಗ್ಗೆ ಪರೀಕ್ಷೆ ಇಲ್ಲದ ದಿನ ನಾವು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

"ಲ್ಯಾಬ್ ಇದೆಯಲ್ಲ" ಅನ್ನಬಹುದು. ಇದೆ. ಈಗಿನ ಸ್ಕೀಮಿನಲ್ಲಿ ಮ್ಯಾಥ್ಸ್‌ಗೂ ಪೈಥಾನ್ ಲ್ಯಾಬ್ ಬಂದಿದೆ, ಶುರುವಿನಲ್ಲೇ ಕಾರ್ಟೀಸಿಯನ್ ಮತ್ತು ಪೋಲಾರ್ ಗೆರೆಗಳನ್ನ ಬಿಡಿಸೋ ಪ್ರೋಗ್ರಾಂ ಇದೆ. ಸಿಲಬಸ್ ಮಾಡಿದವರಿಗೆ ನಮ್ಮ ಅಭಿನಂದನೆ, ವ್ಯಂಗ್ಯ ಅಲ್ಲ. ಆದರೆ ಆಗೋದೇನು? ಮ್ಯಾನ್ಯುಯಲ್ ನೋಡಿ ಹತ್ತು ಸಾಲು ಟೈಪ್ ಮಾಡ್ತೀವಿ, ಎಲ್ಲೋ ಒಂದು ಕಾಮಾ ಬಿಟ್ಟುಹೋಗಿ ಎರರ್ ಬರುತ್ತೆ, ಅದನ್ನ ಸರಿ ಮಾಡೋದರಲ್ಲಿ ಗಂಟೆ ಮುಗಿಯುತ್ತೆ. ಗ್ರಾಫ್ ಬಂದ ತಕ್ಷಣ ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸ್ತೀವಿ. ಆ ಚಿತ್ರವನ್ನ ಯಾರೂ ಮತ್ತೆ ನೋಡಲ್ಲ. ಕಾರ್ಡಿಯಾಯ್ಡಿನ ಲ್ಯಾಬ್ ಒಂದು ವಾರ, ಕಾರ್ಡಿಯಾಯ್ಡಿನ ಕ್ಲಾಸ್ ಇನ್ನೊಂದು ವಾರ. ಎರಡೂ ಒಂದೇ ಅಂತ ಹೊಳೆಯೋ ಹೊತ್ತಿಗೆ ಸೆಮ್ ಮುಗಿದಿರುತ್ತೆ. ಕ್ಲಾಸಿನಲ್ಲಿ ಫೋನ್ ತೆಗೆದರೆ ಕಿತ್ಕೊಳ್ತಾರೆ, ಅದೂ ಸರಿಯೇ, ನಾವು ರೀಲ್ಸ್ ನೋಡಲ್ಲ ಅಂತ ಯಾರಾಣೆ ಮಾಡೋದು? ಆದರೆ ಪ್ರತಿ ಕ್ಲಾಸ್‌ರೂಮಿನಲ್ಲೂ ಪ್ರೊಜೆಕ್ಟರ್ ನೇತಾಡ್ತಿದೆ. ಲೆಕ್ಕ ಶುರು ಮಾಡೋ ಮೊದಲು ಎರಡು ನಿಮಿಷ ಆ ಗೆರೆಯನ್ನ ಗೋಡೆ ಮೇಲೆ ತೋರಿಸಿ ಅಂತ ನಮ್ಮ ಮ್ಯಾಥ್ಸ್ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಕೇಳಿಕೊಳ್ತೇವೆ. ಎರಡೇ ನಿಮಿಷ.

ಇದಕ್ಕೆ ಎದುರು ಮಾತೂ ಇದೆ, ನಮ್ಮೊಳಗೇ ಇದೆ. ಕೊಟ್ಟೂರಿನ ಗೆಳೆಯ ಕನ್ನಡ ಮೀಡಿಯಂನಲ್ಲಿ ಓದಿದವನು. ಸ್ಲೋಪ್ ಅಂದ್ರೆ ನಮಗೆ ಡಿವೈ ಬೈ ಡಿಎಕ್ಸ್, ಅವನಿಗೆ ಇಳಿಜಾರು. ಕಾರ್ಡಿಯಾಯ್ಡ್ ಕಥೆ ಹೇಳಿದಾಗ ಅವನು, "ಫೋನಿನಾಗ ನೋಡಿದ್ರ ಮರ್ತು ಹೊಕ್ಕತಿ, ಕೈಯಾಗ ಬಿಡಿಸ್ರಿ" ಅಂದ. ಅವನ ಹಠಕ್ಕೆ ಥೀಟಾಕ್ಕೆ 0, 30, 60 ಅಂತ ಬೆಲೆ ಹಾಕಿ, ಪ್ರೊಟ್ರಾಕ್ಟರ್ ಇಟ್ಟು, ಚುಕ್ಕಿ ಇಟ್ಟು ಬಿಡಿಸಿದ್ವಿ. ಒಪ್ಪಬೇಕಾದ ಮಾತೇ. 90 ಡಿಗ್ರಿ ದಾಟಿದ ಮೇಲೆ ಗೆರೆ ಯಾಕೆ ಒಳಗೆ ಎಳೆದುಕೊಳ್ಳುತ್ತೆ ಅಂತ ಕೈಗೆ ಗೊತ್ತಾಗೋದು ಹಾಗೇ. ಆದರೆ ಒಂದು ಗೆರೆಗೆ ಇಪ್ಪತ್ತು ನಿಮಿಷ ಬೇಕು. ಒಂದನ್ನ ಕೈಯಲ್ಲಿ ಬಿಡಿಸಿ, ಇಪ್ಪತ್ತನ್ನ ಫೋನಿನಲ್ಲಿ ನೋಡಿ ಅನ್ನೋದಕ್ಕೆ ಅವನೂ ಒಪ್ಪಿದ್ದಾನೆ. ಜಿಯೋಜೀಬ್ರಾ ಹಾಕ್ಕೊಳ್ಳಿ, ಅದೂ ಪುಕ್ಕಟೆ. ಪೈಥಾನ್, ಸೈಲ್ಯಾಬ್ ಕಲೀಬೇಕಂದ್ರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅನ್ನೋದರಲ್ಲಿ ಕನ್ನಡದ ದನಿಯಲ್ಲೂ ಪಾಠಗಳಿವೆ.

ಗೇಟ್ ಬರೆಯೋ ಆಸೆ ಇರೋರಿಗೆ ಒಂದು ಮಾತು. ಅಲ್ಲಿ ನಿಮ್ಮ 991 ಕೂಡ ಒಳಗೆ ಹೋಗಲ್ಲ. ಪರದೆ ಮೇಲೆ ಒಂದು ವರ್ಚುವಲ್ ಕ್ಯಾಲ್ಕುಲೇಟರ್ ಇರುತ್ತೆ, ಮೌಸ್ ಹಿಡಿದು ಒತ್ತಬೇಕು, ಸಮೀಕರಣ ಬಿಡಿಸೋ ಕೀಲಿ ಇಲ್ಲ, ಮ್ಯಾಟ್ರಿಕ್ಸ್ ಇಲ್ಲ. ನಾಲ್ಕು ವರ್ಷ ಸಾಲ್ವ್ ಕೀಲಿಯನ್ನೇ ನಂಬಿ ಬಂದವರಿಗೆ ಅಲ್ಲಿ ಕೈ ಕಟ್ಟಿದ ಹಾಗಾಗುತ್ತೆ. ವಿಟಿಯು ಪೇಪರಿನಲ್ಲೂ ಸ್ಟೆಪ್ಸ್‌ಗೇ ಮಾರ್ಕು. ಉತ್ತರ ಸರಿ ಇದೆಯಾ ಅಂತ ತಾಳೆ ನೋಡೋಕೆ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ.

ಕೊನೆಗೆ ನಮ್ಮದೊಂದು ಬೇಡಿಕೆ, ಫೈನಲ್ ಇಯರ್ ಅಣ್ಣಂದಿರಿಗೆ, ಅಕ್ಕಂದಿರಿಗೆ. ಎಂಟನೇ ಸೆಮ್ ಮುಗಿದ ಮೇಲೆ ನಿಮ್ಮ ಕ್ಯಾಲ್ಕುಲೇಟರ್ ಏನಾಗುತ್ತೆ? ಟ್ರಂಕಿನ ಮೂಲೆ ಸೇರುತ್ತೆ. ಲೈಬ್ರರಿಯಲ್ಲಿ ಬುಕ್ ಬ್ಯಾಂಕ್ ಇದೆ, ಸೆಮ್ಮಿಗೆ ಪುಸ್ತಕ ಕೊಟ್ಟು ವಾಪಸ್ ತಗೋತಾರೆ. ಕ್ಯಾಲ್ಕುಲೇಟರ್‌ಗೂ ಹಾಗೇ ಯಾಕೆ ಮಾಡಬಾರದು? ಲೈಬ್ರರಿಯವರನ್ನ ಕೇಳಿದ್ವಿ. ಪ್ರಿನ್ಸಿಪಾಲರಿಗೆ ಲೆಟರ್ ಕೊಡಿ ಅಂದರು, ಕೊಟ್ಟಿದ್ದೇವೆ. ಉತ್ತರ ಬರೋ ತನಕ ಕನ್ನಡ ಸಂಘದ ರೂಮಿನಲ್ಲಿ, ರಾಜ್ಯೋತ್ಸವದ ಬ್ಯಾನರ್ ಇಡೋ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ. ಈಗಾಗಲೇ ಎರಡು 991ಎಂಎಸ್, ಒಂದು 82ಎಂಎಸ್ ಬಂದಿವೆ. 82ಎಂಎಸ್ ಹಿಂದೆ ಯಾರೋ ಕಾಂಪಸ್ ಮುಳ್ಳಿನಲ್ಲಿ ತಮ್ಮ ಯುಎಸ್‌ಎನ್ ಕೆತ್ತಿದ್ದಾರೆ, ನೋಡಿದ್ರೆ ನಮಗಿಂತ ಆರು ಬ್ಯಾಚ್ ಹಿಂದಿನದು, ಇನ್ನೂ ಚೆನ್ನಾಗಿ ನಡೀತಿದೆ. ಜೂನಿಯರ್‌ಗಳು ಹೆಸರು, ಬ್ರಾಂಚ್ ಬರೆಸಿ ಇಂಟರ್ನಲ್ಸ್ ಮುಗಿಯೋ ತನಕ ಇಟ್ಟುಕೊಳ್ಳಬಹುದು. ಕೊಡೋರು ಬುಧವಾರ, ಶುಕ್ರವಾರ ಸಂಜೆ ನಾಲ್ಕೂವರೆ ಮೇಲೆ ಬನ್ನಿ. ಮುಚ್ಚಳ ಕಳೆದುಹೋಗಿದ್ದರೂ ನಡೆಯುತ್ತೆ. ಸೆಲ್ ನಾವು ಹಾಕಿಸ್ತೀವಿ.